ಜ್ವರ ಬಿಟ್ಟ ಮೇಲೆ ನರಗಳ ಸರದಿ

ಹೂವಿನಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹೂ. ಮೊಗ್ಗು ಬಿಡಿಸಿ ಬುಟ್ಟಿ ತುಂಬಿಸುವುದೇ ಬದುಕಾಗಿರುವ ಆ ಸೀಮೆಯಲ್ಲಿ, ಹೂವನ್ನು ಮೂಗಿಗೆ ಹಿಡಿದರೂ ಘಮ ಹತ್ತದಿದ್ದರೆ ಮೈಯಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯಲು ವೈದ್ಯರೇ ಬೇಕಿಲ್ಲ. 2020 ಮತ್ತು 2021ರಲ್ಲಿ ಜನ ಕೊರೊನಾವನ್ನು ಗುರುತಿಸುತ್ತಿದ್ದುದು ಎಷ್ಟೋ ಸಲ ಪರೀಕ್ಷೆಯ ವರದಿ ಬರುವ ಮೊದಲೇ: "ವಾಸ್ನಿ ಬರವಲ್ದು, ಬಾಯಾಗ ರುಚೀನೇ ಇಲ್ಲ." ಅದನ್ನು ಯಾರೂ ನರದ ತೊಂದರೆ ಎಂದು ಕರೆಯಲಿಲ್ಲ. ನೆಗಡಿಯಲ್ಲಿ ಮೂಗು ಕಟ್ಟುವುದು ಎಲ್ಲರಿಗೂ ಗೊತ್ತು. ಇಲ್ಲಿ ಮೂಗು ಕಟ್ಟದೆಯೇ, ಉಸಿರು ಸರಾಗವಾಗಿ ಆಡುತ್ತಿರುವಾಗಲೇ ವಾಸನೆ ಮಾಯವಾಗಿತ್ತು. ಶ್ವಾಸಕೋಶದ ಕಾಯಿಲೆ ಎಂದು ಹೆಸರಾದ ಈ ಸೋಂಕು ನರಮಂಡಲವನ್ನೂ ಮುಟ್ಟುತ್ತದೆ ಎಂಬುದರ ಮೊದಲ ಸುಳಿವು ಹೀಗೆ ಮನೆಮನೆಯಲ್ಲೂ ಸಿಕ್ಕಿತ್ತು.

ಮೂಗಿನ ಮೇಲ್ಭಾಗದ ಪೊರೆಯಲ್ಲಿ ವಾಸನೆಯನ್ನು ಗ್ರಹಿಸುವ ನರಕೋಶಗಳಿವೆ. ಅವುಗಳ ನಡುವೆ ಅವನ್ನು ಪೋಷಿಸುವ ಆಧಾರಕೋಶಗಳಿವೆ. ವೈರಸ್ ಅಂಟಿಕೊಳ್ಳಲು ಬೇಕಾದ ಎಸಿಇ-2 ಎಂಬ ಪ್ರೊಟೀನು ಹೆಚ್ಚಾಗಿ ಕಾಣುವುದು ಈ ಆಧಾರಕೋಶಗಳಲ್ಲಿ. ಅವು ಕೆಟ್ಟಾಗ ಪಕ್ಕದ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ. ಪೊರೆ ಮತ್ತೆ ಬೆಳೆದಾಗ ವಾಸನೆ ಮರಳುತ್ತದೆ. ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ಅದು ಮರಳಿದ್ದು ಇದರಿಂದಲೇ. ಕೆಲವರಿಗೆ ಮಾತ್ರ ಅದು ವಿಕಾರವಾಗಿ ಮರಳಿತು. ಒಗ್ಗರಣೆಯ ಈರುಳ್ಳಿ ಕೊಳೆತ ವಾಸನೆ ಹೊಡೆಯುವುದು, ಕಾಫಿ ಸುಟ್ಟಂತೆ ಅನ್ನಿಸುವುದು ತಿಂಗಳುಗಟ್ಟಲೆ ನಡೆಯಿತು. ಇದಕ್ಕೆ ದುಬಾರಿ ಔಷಧವೇನೂ ಇಲ್ಲ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಇಂಥ ನಾಲ್ಕು ಗಾಢ ವಾಸನೆಗಳನ್ನು ದಿನಕ್ಕೆರಡು ಬಾರಿ ಗಮನವಿಟ್ಟು ಮೂಸುವ ಅಭ್ಯಾಸವನ್ನು ಮೂರು ತಿಂಗಳಾದರೂ ನಡೆಸಬೇಕು. ಜರ್ಮನಿಯ ವೈದ್ಯರು ಕೊರೊನಾಕ್ಕಿಂತ ಹತ್ತು ವರ್ಷ ಮೊದಲೇ ರೂಪಿಸಿದ್ದ ವಿಧಾನ ಇದು.

ವಾಸನೆ ಹೋದದ್ದು ಕೊರೊನಾ ತಂದ ನರತೊಂದರೆಗಳ ಇಡೀ ಪಟ್ಟಿಯ ಅತಿ ಸೌಮ್ಯ ತುದಿ. ಇನ್ನೊಂದು ತುದಿಯಲ್ಲಿ ಪಾರ್ಶ್ವವಾಯು, ಮೂರ್ಛೆ, ಮಿದುಳಿನ ಊತ ಮತ್ತು ಸಾವು ಇವೆ. 2020ರ ಏಪ್ರಿಲ್‌ನಲ್ಲಿ ಚೀನಾದ ವುಹಾನ್‌ನ ವೈದ್ಯರು ಆಸ್ಪತ್ರೆಗೆ ಸೇರಿದ್ದ 214 ರೋಗಿಗಳ ವಿವರ ಪ್ರಕಟಿಸಿದಾಗ 78 ಜನರಲ್ಲಿ, ಅಂದರೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ, ನರಮಂಡಲದ ಲಕ್ಷಣಗಳಿದ್ದವು. ತಲೆಸುತ್ತು, ತಲೆನೋವಿನಿಂದ ಹಿಡಿದು ಪ್ರಜ್ಞೆ ತಪ್ಪುವವರೆಗೆ ಎಲ್ಲವೂ ಅದರಲ್ಲಿ ಸೇರಿತ್ತು. ಅಲ್ಲಿಂದಾಚೆಗೆ ಜಗತ್ತಿನ ನರವಿಜ್ಞಾನಿಗಳು ಕಲಿತದ್ದು ಬಹಳ. ಆದರೆ ಆ ಕಲಿಕೆ ವಿಜಯನಗರ ಜಿಲ್ಲೆಯ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಈ ಐದು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಇಳಿದು ಬಂದರೆ ಮಾತ್ರ ಅದಕ್ಕೆ ಬೆಲೆ.

ಈ ಜಿಲ್ಲೆ ಹುಟ್ಟಿದ್ದೇ ಎರಡನೇ ಅಲೆಯ ವರ್ಷ. ಬಳ್ಳಾರಿಯಿಂದ ಬೇರ್ಪಡಿಸುವ ಅಧಿಸೂಚನೆ 2021ರ ಫೆಬ್ರುವರಿಯಲ್ಲಿ ಹೊರಬಿತ್ತು. ಹೊಸಪೇಟೆಯಲ್ಲಿ ಉದ್ಘಾಟನೆ ಆದದ್ದು ಅದೇ ವರ್ಷ ಅಕ್ಟೋಬರ್ 2ರಂದು. ಇವೆರಡರ ನಡುವೆ ಮೇ 5ರಂದು ಕರ್ನಾಟಕ ಒಂದೇ ದಿನ 50,112 ಹೊಸ ಪ್ರಕರಣಗಳನ್ನು ಕಂಡಿತು. ಹರಪನಹಳ್ಳಿಯ ಪಾಡು ಇನ್ನೂ ವಿಚಿತ್ರ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, ಮೂರೇ ವರ್ಷದಲ್ಲಿ ವಿಜಯನಗರಕ್ಕೆ. ಕಾಗದದ ಮೇಲೆ ಜಿಲ್ಲೆ ಬದಲಾದರೂ ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. ಹರಪನಹಳ್ಳಿ, ಕೊಟ್ಟೂರಿನವರು ದಾವಣಗೆರೆಯ ದಾರಿ ಹಿಡಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆ, ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ಕಡೆಗೆ ನೋಡಿದರು. ಹಡಗಲಿಯ ಕೆಲವರಿಗೆ ಹುಬ್ಬಳ್ಳಿಯೇ ಅನುಕೂಲವಾಯಿತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನೇ ಕೊಳವೆಯಲ್ಲಿ ಹರಿಸಿ ತಾತ್ಕಾಲಿಕ ಆಸ್ಪತ್ರೆ ಎದ್ದದ್ದೂ ಆಗಲೇ. ಉಸಿರು ಉಳಿಸುವುದೇ ಎಲ್ಲರ ಗುರಿಯಾಗಿತ್ತು. ಅದು ಸರಿಯೂ ಆಗಿತ್ತು. ಉಸಿರು ಉಳಿದು ಮನೆಗೆ ಬಂದವರ ಕೈಕಾಲು, ನೆನಪು, ನಿದ್ದೆಗಳ ಕಡೆ ಗಮನ ಹರಿದದ್ದು ತಡವಾಗಿ.

ಸೋಂಕು ನರಮಂಡಲವನ್ನು ಕೆಡಿಸುವ ದಾರಿ ಒಂದೇ ಅಲ್ಲ. ವೈರಸ್ ತಾನೇ ಮಿದುಳಿನೊಳಗೆ ನುಗ್ಗಿ ಕೋಶಗಳನ್ನು ತಿನ್ನುತ್ತದೆ ಎಂಬ ಭಯ ಮೊದಮೊದಲು ಇತ್ತು. ಸತ್ತವರ ಮಿದುಳನ್ನು ಪರೀಕ್ಷಿಸಿದ ಅಧ್ಯಯನಗಳು ಬೇರೆ ಚಿತ್ರ ಕೊಟ್ಟವು: ವೈರಸ್ ಸಿಕ್ಕಿದ್ದು ವಿರಳ, ಸಿಕ್ಕಿದ್ದು ಹೆಚ್ಚಾಗಿ ಹಾನಿಗೊಂಡ ಸಣ್ಣ ರಕ್ತನಾಳಗಳು, ಕೆರಳಿದ ರಕ್ಷಣಾಕೋಶಗಳು. ಅಂದರೆ ಹಾನಿಯ ಬಹುಪಾಲು ಪರೋಕ್ಷವಾದದ್ದು. ಆಮ್ಲಜನಕ ಇಳಿದಾಗ ಮಿದುಳು ಬಳಲುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಏರಿದಾಗ ಮಿದುಳಿನ ನಾಳ ಮುಚ್ಚಿಕೊಳ್ಳುತ್ತದೆ. ವೈರಸ್ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಸ್ವಂತ ನರಗಳ ಮೇಲೇ ಎರಗುತ್ತದೆ. ತಿಂಗಳುಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಮಲಗಿದವರ ಸ್ನಾಯು, ನರಗಳು ಸೊರಗುತ್ತವೆ. ಕೊನೆಯದಾಗಿ, ಚಿಕಿತ್ಸೆಯೇ ಅತಿಯಾದಾಗ ಹೊಸ ಸೋಂಕಿಗೆ ಎಡೆಯಾಗುತ್ತದೆ.

ಪಾರ್ಶ್ವವಾಯುವನ್ನೇ ನೋಡಿ. ಸ್ವೀಡನ್ನಿನಲ್ಲಿ 86 ಸಾವಿರಕ್ಕೂ ಹೆಚ್ಚು ಸೋಂಕಿತರ ದಾಖಲೆ ಪರಿಶೀಲಿಸಿದಾಗ ಸೋಂಕಿನ ಮೊದಲ ವಾರದಲ್ಲಿ ನಾಳ ಮುಚ್ಚಿ ಬರುವ ಪಾರ್ಶ್ವವಾಯುವಿನ ಅಪಾಯ ಅದೇ ಜನರ ಉಳಿದ ದಿನಗಳಿಗೆ ಹೋಲಿಸಿದರೆ ಸುಮಾರು ಮೂರು ಪಟ್ಟಾಗಿತ್ತು. ಇಂಥ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೆಲಸ ಮಾಡಬೇಕಾದರೆ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂದು ಸಿ.ಟಿ. ಸ್ಕ್ಯಾನ್ ಖಾತ್ರಿ ಮಾಡಬೇಕು. ಹಡಗಲಿಯಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಳ್ಳಿಯಿಂದ ತಾಲ್ಲೂಕು ಕೇಂದ್ರ, ಅಲ್ಲಿಂದ ಜಿಲ್ಲೆ, ಅಲ್ಲಿಂದ ಮುಂದೆ ಎಂದು ಹೋಗುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ಇದರ ಜೊತೆಗೆ, ಲಕ್ವಾ ಹೊಡೆದರೆ ನಾಟಿ ಔಷಧ ಕೊಡುವ ಊರುಗಳ ಹೆಸರು ಈ ಭಾಗದಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಮನೆಯವರು ಮೊದಲು ಅಲ್ಲಿಗೆ ಓಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ ಎಂದು ಅವರಿಗೆ ಮುಂಚೆಯೇ ಹೇಳಿರಬೇಕು.

ಚಿಕಿತ್ಸೆಯೇ ಎಡೆ ಮಾಡಿಕೊಟ್ಟ ಕಥೆ ಕಪ್ಪು ಶಿಲೀಂಧ್ರದ್ದು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ತೋರಿಸಿತು. ಆದರೆ ಅದು ಉಳಿಸಿದ್ದು ಆಮ್ಲಜನಕ ಬೇಕಾದವರ ಜೀವ. ಕೊಟ್ಟ ಪ್ರಮಾಣ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಎರಡನೇ ಅಲೆಯ ಗಾಬರಿಯಲ್ಲಿ ಸ್ಟೀರಾಯ್ಡ್ ಬೇಡದವರಿಗೂ ಸಿಕ್ಕಿತು, ಬೇಕಾದದ್ದಕ್ಕಿಂತ ಹೆಚ್ಚು ದಿನ ಸಿಕ್ಕಿತು, ಜ್ವರ ಬಂದ ಮೊದಲ ದಿನವೇ ಔಷಧದಂಗಡಿಯಲ್ಲೂ ಸಿಕ್ಕಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರಿತು. ಇದೆಯೆಂದೇ ಗೊತ್ತಿಲ್ಲದವರಲ್ಲೂ ಏರಿತು. ಗಾಳಿಯಲ್ಲಿ, ಮಣ್ಣಿನಲ್ಲಿ ಸದಾ ಇರುವ ಮ್ಯೂಕರ್ ಎಂಬ ಶಿಲೀಂಧ್ರ ಅಂಥವರ ಮೂಗಿನೊಳಗೆ ಬೇರೂರಿತು. ಮೂಗಿನಿಂದ ಗಾಳಿಕುಳಿಗಳಿಗೆ, ಅಲ್ಲಿಂದ ಕಣ್ಣಿನ ಗುಂಡಿಗೆ, ಅಲ್ಲಿಂದ ಮಿದುಳಿಗೆ ಅದು ರಕ್ತನಾಳಗಳ ಗುಂಟ ಸಾಗುತ್ತದೆ. ಹೋದಲ್ಲೆಲ್ಲ ನಾಳ ಮುಚ್ಚಿ ಅಂಗಾಂಶ ಕಪ್ಪಾಗುತ್ತದೆ. ದೇಶದ ಕಣ್ಣಿನ ತಜ್ಞರು ಒಟ್ಟುಗೂಡಿಸಿದ 2,826 ರೋಗಿಗಳ ದಾಖಲೆಯಲ್ಲಿ ಶೇ 78ರಷ್ಟು ಜನರಿಗೆ ಮಧುಮೇಹವಿತ್ತು, ಶೇ 87ರಷ್ಟು ಜನ ಸ್ಟೀರಾಯ್ಡ್ ಪಡೆದಿದ್ದರು. 2021ರ ಮೇನಲ್ಲಿ ಕರ್ನಾಟಕ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗಾಗಿ ರೋಗಿಗಳ ಮಕ್ಕಳು ಊರೂರು ಅಲೆದ ದಿನಗಳವು. ಬದುಕಲು ಕಣ್ಣನ್ನೇ ತೆಗೆಸಿಕೊಳ್ಳಬೇಕಾದವರು ಇದ್ದಾರೆ. ಇಡೀ ಪಟ್ಟಿಯಲ್ಲಿ ತಡೆಯಬಹುದಾಗಿದ್ದ ಅನಾಹುತ ಯಾವುದೆಂದು ಕೇಳಿದರೆ ಮೊದಲು ಬೊಟ್ಟು ಮಾಡಬೇಕಾದದ್ದು ಇದನ್ನೇ. ಬೆರಳು ಚುಚ್ಚಿ ಸಕ್ಕರೆ ನೋಡುವ ಒಂದು ಸಣ್ಣ ಯಂತ್ರ ಎಷ್ಟೋ ಕಣ್ಣುಗಳನ್ನು ಉಳಿಸಬಹುದಿತ್ತು.

ರೋಗನಿರೋಧಕ ಶಕ್ತಿ ದಾರಿ ತಪ್ಪುವ ಕಾಯಿಲೆಗಳಲ್ಲಿ ಹೆಚ್ಚು ಹೆಸರಾದದ್ದು ಗಿಯಾನ್-ಬಾರೆ ಸಿಂಡ್ರೋಮ್. ಸೋಂಕು ಬಂದು ಹೋದ ಕೆಲ ದಿನ ಅಥವಾ ವಾರಗಳಲ್ಲಿ ಪಾದದಲ್ಲಿ ಜೋಮು ಶುರುವಾಗಿ, ಬಲಹೀನತೆ ಕಾಲಿನಿಂದ ಮೇಲಕ್ಕೇರುತ್ತದೆ. ಎದೆಯ ಸ್ನಾಯುಗಳನ್ನು ಮುಟ್ಟಿದರೆ ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. ಇಟಲಿಯ ವೈದ್ಯರು 2020ರಲ್ಲೇ ಇಂಥ ಐದು ರೋಗಿಗಳನ್ನು ವಿವರಿಸಿದ್ದರು. ಇದು ವಿರಳ, ಬೇರೆ ಸೋಂಕುಗಳಿಂದಲೂ ಬರುತ್ತದೆ. 2025ರ ಆರಂಭದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪ್ರಕರಣಗಳಲ್ಲಿ ಕಲುಷಿತ ನೀರಿನ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಬಿದ್ದಿತ್ತು. ಇಮ್ಯುನೊಗ್ಲೊಬುಲಿನ್ ಅಥವಾ ಪ್ಲಾಸ್ಮಾ ಬದಲಾವಣೆಯಿಂದ ಹೆಚ್ಚಿನವರು ಎದ್ದು ನಡೆಯುತ್ತಾರೆ. ಆದರೆ ಔಷಧದ ಖರ್ಚು ಲಕ್ಷಗಳಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನೆನಪಾಗಬೇಕಾದದ್ದು ಇಂಥ ಹೊತ್ತಿನಲ್ಲಿ.

ಈ ಭಾಗದವರು ಮರೆಯದ ಪ್ರಕರಣ ಮಕ್ಕಳದ್ದು. 2021ರ ಜೂನ್‌ನಲ್ಲಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 13 ವರ್ಷದ ಬಾಲಕನೊಬ್ಬನಿಗೆ ಕೊರೊನಾ ನಂತರದ ಅಕ್ಯೂಟ್ ನೆಕ್ರೊಟೈಸಿಂಗ್ ಎನ್ಸೆಫಲೋಪತಿ ಆಫ್ ಚೈಲ್ಡ್‌ಹುಡ್, ಅಂದರೆ ಎಎನ್‌ಇಸಿ ಇದೆಯೆಂದು ವೈದ್ಯರು ತಿಳಿಸಿದಾಗ ರಾಜ್ಯದ ಪತ್ರಿಕೆಗಳೆಲ್ಲ ಅದನ್ನು ವರದಿ ಮಾಡಿದವು. ಮಕ್ಕಳ ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗ ಎರಡೂ ಬದಿಗೆ ಸಮನಾಗಿ ಹಾನಿಗೊಳ್ಳುವ ಕಾಯಿಲೆ ಇದು. ಜಪಾನಿನ ವೈದ್ಯರು 1995ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದಾಗ ಮುಖ್ಯವಾಗಿ ಕಂಡದ್ದು ಫ್ಲೂ ಜ್ವರದಂಥ ವೈರಸ್ ಸೋಂಕಿನ ಬೆನ್ನಿಗೆ. ಮೊದಲು ಜ್ವರ, ನಂತರ ಫಿಟ್ಸ್, ಒಂದೆರಡು ದಿನಗಳಲ್ಲೇ ಪ್ರಜ್ಞೆ ತಪ್ಪುವುದು ಇದರ ಓಟ. ಮಕ್ಕಳಿಗೆ ಕೊರೊನಾ ಏನೂ ಮಾಡುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ ದಾವಣಗೆರೆಯ ವೈದ್ಯರು ತಕ್ಷಣ ರೋಗ ಗುರುತಿಸಿ ಬಹಿರಂಗವಾಗಿ ಎಚ್ಚರಿಸಿದ್ದು ದೊಡ್ಡ ಉಪಕಾರ. ಜ್ವರದ ಮಗುವಿಗೆ ಮಂಪರು ಕವಿದರೆ ಅದನ್ನು ಸುಸ್ತು ಎಂದು ತಿಳಿಯಬಾರದೆಂದು ಆಗ ಎಷ್ಟೋ ತಾಯಂದಿರು ಅರಿತರು.

ಇಲ್ಲಿಯವರೆಗಿನದೆಲ್ಲ ವಿರಳ ಅಥವಾ ತೀವ್ರ. ಹೆಚ್ಚು ಜನರನ್ನು ಕಾಡಿದ್ದು ಸದ್ದಿಲ್ಲದ ತೊಂದರೆಗಳು: ತಲೆ ಮಬ್ಬು, ಮರೆವು, ನಿದ್ದೆಗೇಡು, ಎದ್ದು ನಿಂತರೆ ಎದೆ ಢವಢವ, ಅರ್ಧ ಎಕರೆ ಕಳೆ ಕೀಳುವಷ್ಟರಲ್ಲಿ ಸುಸ್ತು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸೋಂಕಾದ ಸುಮಾರು ಮೂರು ತಿಂಗಳಿಗೆ ಕಾಣಿಸಿ, ಎರಡು ತಿಂಗಳಾದರೂ ಉಳಿದು, ಬೇರೆ ಕಾರಣ ಸಿಗದ ಇಂಥ ಲಕ್ಷಣಗಳು ಕೋವಿಡ್ ನಂತರದ ಸ್ಥಿತಿ. ಇದು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದವರಿಗೆ ದೊಡ್ಡ ಅಧ್ಯಯನಗಳು ಉತ್ತರ ಕೊಟ್ಟಿವೆ. ಆಕ್ಸ್‌ಫರ್ಡ್‌ನ ಸಂಶೋಧಕರು 2,36,379 ಸೋಂಕಿತರ ದಾಖಲೆ ನೋಡಿದಾಗ ಆರು ತಿಂಗಳೊಳಗೆ ಮೂವರಲ್ಲಿ ಒಬ್ಬರಿಗೆ ನರ ಅಥವಾ ಮನಸ್ಸಿಗೆ ಸಂಬಂಧಿಸಿದ ಯಾವುದಾದರೂ ಕಾಯಿಲೆ ದಾಖಲಾಗಿತ್ತು. ಫ್ಲೂ ಬಂದವರಿಗಿಂತ ಇದು ಸ್ಪಷ್ಟವಾಗಿ ಹೆಚ್ಚು. ಅದೇ ತಂಡ ಎರಡು ವರ್ಷಗಳ ಲೆಕ್ಕ ತೆಗೆದಾಗ ಸಮಾಧಾನವೂ ಆತಂಕವೂ ಒಟ್ಟಿಗೆ ಸಿಕ್ಕವು. ಖಿನ್ನತೆ, ಆತಂಕಗಳ ಹೆಚ್ಚುವರಿ ಅಪಾಯ ಒಂದೆರಡು ತಿಂಗಳಲ್ಲೇ ಇಳಿದಿತ್ತು. ಮರೆವು, ಮೂರ್ಛೆ ರೋಗಗಳದ್ದು ಎರಡು ವರ್ಷವಾದರೂ ಉಳಿದಿತ್ತು. ಬ್ರಿಟನ್ನಿನಲ್ಲಿ ಸೋಂಕಿನ ಮೊದಲು ಮತ್ತು ನಂತರ ಎರಡೂ ಸಲ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡಿದ್ದ 785 ಜನರ ಪೈಕಿ 401 ಮಂದಿಗೆ ನಡುವೆ ಕೊರೊನಾ ಬಂದಿತ್ತು. ವಾಸನೆಗೆ ಸಂಬಂಧಿಸಿದ ಭಾಗಗಳಲ್ಲಿ ಅವರ ಮಿದುಳು ಉಳಿದವರದ್ದಕ್ಕಿಂತ ತುಸು ಹೆಚ್ಚು ಕುಗ್ಗಿತ್ತು. 2024ರಲ್ಲಿ ಪ್ರಕಟವಾದ, ಸುಮಾರು 1.13 ಲಕ್ಷ ಜನ ಪೂರ್ಣಗೊಳಿಸಿದ ಬುದ್ಧಿಪರೀಕ್ಷೆಯಲ್ಲಿ ಪೂರ್ತಿ ಗುಣವಾದವರಲ್ಲೂ ಬುದ್ಧಿ ಸೂಚ್ಯಂಕದ ಮೂರು ಅಂಕದಷ್ಟು ಕೊರತೆ ಕಂಡಿತು. ತೀವ್ರ ನಿಗಾ ಘಟಕ ಸೇರಿದ್ದವರಲ್ಲಿ ಅದು ಒಂಬತ್ತು.

ಮೂರು ಅಂಕ ಕಡಿಮೆಯಾದರೆ ಯಾರ ಬದುಕೂ ನಿಲ್ಲುವುದಿಲ್ಲ. ಆದರೆ ಸಂತೆಯಲ್ಲಿ ಬಾಯಿಲೆಕ್ಕದಲ್ಲೇ ವ್ಯವಹಾರ ಮಾಡುವವರಿಗೆ, ಬಸ್ ಓಡಿಸುವವರಿಗೆ, ಹತ್ತನೇ ತರಗತಿಯ ಪರೀಕ್ಷೆಗೆ ಕೂತ ಮಗುವಿಗೆ ಮಬ್ಬು ಕವಿದ ತಲೆ ಸಣ್ಣ ಸಂಗತಿಯಲ್ಲ. ದೊಡ್ಡ ಅಧ್ಯಯನಗಳೆಲ್ಲ ನಡೆದದ್ದು ಕಂಪ್ಯೂಟರಿನಲ್ಲಿ ವೈದ್ಯಕೀಯ ದಾಖಲೆ ಇರುವ ದೇಶಗಳಲ್ಲಿ. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಮನೆಯಲ್ಲೇ ಜ್ವರ ಕಳೆದ ತಾಂಡಾದ ಕೂಲಿಕಾರರು, ಕಾಫಿ ತೋಟದ ಗುಳೆಯಿಂದ ಮರಳಿದ ಹರಪನಹಳ್ಳಿಯ ಕುಟುಂಬಗಳು ಇಂಥ ಯಾವ ಲೆಕ್ಕಕ್ಕೂ ಸೇರಿದವರಲ್ಲ.

ಎಲ್ಲವನ್ನೂ ಕೊರೊನಾದ ತಲೆಗೆ ಕಟ್ಟುವ ಅಪಾಯವೂ ಅಷ್ಟೇ ದೊಡ್ಡದು. ಪಾದದ ಉರಿ, ಜೋಮಿಗೆ ಬಹಳ ಸಲ ಮಧುಮೇಹ ಅಥವಾ ಬಿ-12 ಜೀವಸತ್ವದ ಕೊರತೆ ಕಾರಣ. ವಾರಗಟ್ಟಲೆ ತಲೆನೋವು, ಸಂಜೆಯ ಜ್ವರ, ವಾಂತಿ ಇದ್ದರೆ ಕ್ಷಯದ ಮಿದುಳುಪೊರೆ ಉರಿಯೂತವಿರಬಹುದು. ಅದನ್ನು ಕೋವಿಡ್ ನಂತರದ ತಲೆನೋವು ಎಂದು ಮುಂದೂಡಿದರೆ ಜೀವ ಹೋಗುತ್ತದೆ. ಲಸಿಕೆಯ ಬಗೆಗಿನ ಭಯವೂ ಇದೇ ಬಗೆಯದು. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ್ದು ಅತಿ ವಿರಳವಾಗಿಯಾದರೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಹಾಗೆಂದು ಪ್ರತಿ ಹಠಾತ್ ಸಾವನ್ನೂ ಲಸಿಕೆಗೆ ಹಚ್ಚುವುದು ಸಲ್ಲ. ಹಾಸನದ ಹೃದಯಾಘಾತಗಳ ಸುದ್ದಿ 2025ರಲ್ಲಿ ರಾಜ್ಯವನ್ನೆಲ್ಲ ಕಂಗೆಡಿಸಿದ್ದಾಗ, ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಠಾತ್ ಹೃದಯಾಘಾತಕ್ಕೂ ಲಸಿಕೆಗೂ ನೇರ ಸಂಬಂಧ ಕಂಡಿಲ್ಲವೆಂದು ವರದಿ ಕೊಟ್ಟಿತು.

ನರರೋಗಗಳಲ್ಲಿ ಹಳ್ಳಿಗಳ ಪಾಲು ಮೊದಲಿನಿಂದಲೂ ಹೆಚ್ಚು. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ, ಗ್ರಾಮಾಂತರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಸಮೀಕ್ಷಿಸಿದಾಗ ಮೂರ್ಛೆ ರೋಗ ನಗರಕ್ಕಿಂತ ಹಳ್ಳಿಯಲ್ಲಿ ಸುಮಾರು ಎರಡು ಪಟ್ಟು ಇತ್ತು. ನರತಜ್ಞರು ಮಾತ್ರ ನಗರದಲ್ಲೇ ಇದ್ದಾರೆ. ಈ ಅಂತರ ತುಂಬುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಬೇರೆ ದೇಶದಲ್ಲಿ ಹುಡುಕಬೇಕಿಲ್ಲ. ಅದು ಸಿಕ್ಕಿದ್ದು ಇದೇ ನೆಲದಲ್ಲಿ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದಾಗ ಅದನ್ನು ಜಿಲ್ಲಾ ಮಟ್ಟದಲ್ಲಿ ಮಾಡಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದ ಕಾಲದಲ್ಲಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲವೂ ಆ ಜಿಲ್ಲೆಯವೇ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಆರೇ ಆರು ಔಷಧಗಳನ್ನು ಕೇಂದ್ರಗಳಲ್ಲಿ ಸದಾ ಇರುವಂತೆ ನೋಡಿಕೊಂಡರು. ಮೂರ್ಛೆಗೆ ಕೊಡುವ ಫಿನೊಬಾರ್ಬಿಟೋನ್, ಫೆನಿಟಾಯಿನ್ ಅದರಲ್ಲಿದ್ದವು. ಅಲ್ಲಿಯವರೆಗೆ ದೇವರ ಗುಡಿ, ಮಂತ್ರವಾದಿ, ಕೊನೆಗೆ ಬೆಂಗಳೂರು ಎಂದು ಅಲೆಯುತ್ತಿದ್ದ ಮೂರ್ಛೆ ರೋಗಿಗೆ ಊರ ಹತ್ತಿರವೇ ಗುಳಿಗೆ ಸಿಕ್ಕಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಇದನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. ದೇಶಕ್ಕೆ ಪಾಠ ಕೊಟ್ಟ ತಾಲ್ಲೂಕುಗಳ ಜನರಿಗೇ ಈ ಇತಿಹಾಸ ಹೆಚ್ಚು ತಿಳಿದಿಲ್ಲ ಎಂಬುದು ಬೇಸರದ ಸಂಗತಿ.

ಕೊರೊನಾ ನಂತರದ ನರಸಮಸ್ಯೆಗಳಿಗೂ ಅದೇ ದಾರಿ ಹೊಂದುತ್ತದೆ. ಇಲ್ಲಿ ಬೇಕಾದ ಪರಿಣತಿಯ ಬಹುಪಾಲು ಎಂ.ಆರ್.ಐ. ಕೋಣೆಯದ್ದಲ್ಲ, ಸರಿಯಾದ ಪ್ರಶ್ನೆ ಕೇಳುವುದರದ್ದು. ಜೋಮು ಕಾಲಿನಿಂದ ಮೇಲೇರುತ್ತಿದೆಯೇ? ಒಂದು ಕಣ್ಣು ಊದಿದೆಯೇ, ಮೂಗಿನಿಂದ ಕಪ್ಪು ಸ್ರಾವವಿದೆಯೇ? ಹಿಂದೆಂದೂ ಇಲ್ಲದ ಫಿಟ್ಸ್ ಬಂದಿತೇ? ಮನೆಯ ದಾರಿ ಮರೆಯುತ್ತಿದೆಯೇ? ಈ ನಾಲ್ಕಾರು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆ ಹೊಸ್ತಿಲಲ್ಲೇ ನಿಂತು ಕೇಳಬಲ್ಲರು. ತುರ್ತು ಇರುವವರನ್ನು ಆಕೆ ಅಂದೇ ಕಳಿಸಬಲ್ಲರು. ಉಳಿದವರಿಗೆ ಸಕ್ಕರೆ, ರಕ್ತದೊತ್ತಡ, ಬಿ-12, ಥೈರಾಯ್ಡ್ ಪರೀಕ್ಷೆಯಿಂದಲೇ ಅರ್ಧ ಉತ್ತರ ಸಿಗುತ್ತದೆ. ತಲೆ ಮಬ್ಬಿಗೆ ಇವತ್ತಿಗೂ ಖಚಿತ ಔಷಧ ಬಂದಿಲ್ಲ. ನಿದ್ದೆ ಸರಿಪಡಿಸುವುದು, ದುಡಿಮೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುವುದು, ಖಿನ್ನತೆ ಇದ್ದರೆ ಅದಕ್ಕೆ ಚಿಕಿತ್ಸೆ ಕೊಡುವುದು ಇಷ್ಟೇ. ಶಕ್ತಿ ಬರಲೆಂದು ವಾರಕ್ಕೊಂದು ಗ್ಲುಕೋಸ್ ಬಾಟಲಿ ಹಾಕಿಸಿಕೊಳ್ಳುವವರಿಗೆ ಇದನ್ನು ಒಪ್ಪಿಸುವುದು ಕಷ್ಟದ ಕೆಲಸ, ಆದರೂ ಮಾಡಲೇಬೇಕಾದ ಕೆಲಸ.

ವ್ಯವಸ್ಥೆಯ ತುಣುಕುಗಳು ಈಗಾಗಲೇ ಇವೆ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ ಸೇರಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳ ಆಸ್ಪತ್ರೆಗಳಲ್ಲಿ 2022ರಲ್ಲಿ ಆರಂಭಿಸಿ, ಅಲ್ಲಿಂದ ಬೇರೆ ಜಿಲ್ಲೆಗಳಿಗೆ ವಿಸ್ತರಿಸುವ ಕೆಲಸಕ್ಕೆ ಕೈಹಾಕಿದವು. ತಲೆನೋವು, ಪಾರ್ಶ್ವವಾಯು, ಮೂರ್ಛೆ, ಮರೆವು ಈ ನಾಲ್ಕೂ ಅದರ ವ್ಯಾಪ್ತಿಯೊಳಗಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು. ಇವಕ್ಕಿಂತ ಹಳೆಯದು ಮನೋಚೈತನ್ಯ: 2014ರಿಂದ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಕಾರ್ಯಕ್ರಮ. ಕೊಟ್ಟೂರು ಅಥವಾ ಹಡಗಲಿಯ ರೋಗಿ ಬೆಂಗಳೂರಿನ ಬಸ್ ಹತ್ತದೆ ತಜ್ಞರ ಎದುರು ಕೂರಲು ಅದು ಹತ್ತಿರದ ದಾರಿ. ಆ ಮಂಗಳವಾರದ ಸಾಲಿನಲ್ಲಿ ನಿಂತವರ ಚೀಟಿಯಲ್ಲಿ "ಕೊರೊನಾ ಬಂದಿತ್ತೇ, ಯಾವಾಗ, ಆಮೇಲೆ ಏನು ಬದಲಾಯಿತು" ಎಂಬ ಮೂರು ಪ್ರಶ್ನೆ ಸೇರಿಸಲು ಹೊಸ ಅನುದಾನವೂ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.